ಅಚ್ಚಾದ ಮಾತು, ಅಚ್ಚಾಗದ ಮಾತು: 1930 ರ ದಶಕದ ಬ್ರಿಟಿಷ್ ಪತ್ರಿಕೆಗಳು

ಪತ್ರಿಕೆಯು ಸಮಾಜದ ಕನ್ನಡಿಯೆಂಬ ಮಾತು ಎಷ್ಟು ಹಳೆಯದಾಗಿದೆಯೆಂದರೆ, ಅದನ್ನು ಹೇಳುವವರೂ ಕೇಳುವವರೂ ಅದರ ಅರ್ಥವನ್ನು ವಿಚಾರಿಸುವುದನ್ನೇ ಬಿಟ್ಟಿದ್ದಾರೆ. ಕನ್ನಡಿಯು ತನ್ನ ಮುಂದೆ ಬಂದುದೆಲ್ಲವನ್ನೂ ತೋರಿಸುತ್ತದೆ. ದೊರೆಯ ಮುಖವೆಂದು ಹಿಗ್ಗುವುದಿಲ್ಲ, ತೊತ್ತಿನ ಮುಖವೆಂದು ಕುಗ್ಗುವುದಿಲ್ಲ. ಪತ್ರಿಕೆಯ ರೀತಿ ಹಾಗಲ್ಲ. ಯಾವ ಮುಖವನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ನಿರ್ಣಯವನ್ನು ಅದರ ಒಡೆಯನೂ ಸಂಪಾದಕನೂ ದಿನ ಬೆಳಗಾದರೆ ಮಾಡುತ್ತಿರುತ್ತಾರೆ. ಆದಕಾರಣ ಒಂದು ಕಾಲದ ಜನರ ಮನೋಧರ್ಮವನ್ನು ಅವರ ಪತ್ರಿಕೆಗಳಿಂದ ತಿಳಿಯಹೊರಟವನು ಎರಡು ಲೆಕ್ಕಗಳನ್ನು ಇಡಬೇಕಾಗುತ್ತದೆ. ಅಚ್ಚಾದುದು ಏನು ಎಂಬುದು ಒಂದು. ಅಚ್ಚಾಗದೆ ಉಳಿದುದು ಏನು ಎಂಬುದು ಇನ್ನೊಂದು. ಎರಡನೆಯ ಲೆಕ್ಕವೇ ಹೆಚ್ಚು ಸತ್ಯವನ್ನು ಹೇಳುತ್ತದೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ 1930 ರಿಂದ 1939 ರ ವರೆಗಿನ ಬ್ರಿಟಿಷ್ ಪತ್ರಿಕೆಗಳ ನಡತೆಯನ್ನು ವಾಚಕರ ಮುಂದೆ ಇಡಬಯಸುತ್ತೇವೆ.

ಪರದೇಶದ ಹಳೆಯ ಕಾಗದಗಳನ್ನು ಈಗ ಕೆದಕುವುದೇಕೆಂದು ಕೆಲವರು ಕೇಳಬಹುದು. ಆಂಗ್ಲೇಯರ ಆಳಿಕೆಯು ನಮ್ಮ ದೇಶದಲ್ಲಿ 1947 ರಲ್ಲಿ ಕೊನೆಗೊಂಡಿತು. ಆದರೆ ಪತ್ರಿಕೆಯನ್ನು ನಡೆಸುವ ಕ್ರಮ, ಸಂಪಾದಕೀಯದ ಗತ್ತು, ಅಷ್ಟೇಕೆ, ಒಬ್ಬನೇ ಕುಳಿತು ಬರೆಯುತ್ತಿದ್ದರೂ ‘ನಾವು’ ಎಂದು ಹೇಳಿಕೊಳ್ಳುವ ಈ ಬಹುವಚನ, ಇವೆಲ್ಲ ಬಹುಮಟ್ಟಿಗೆ ಅವರಿಂದ ಕಲಿತುವು. ಗುರುವಿನಿಂದ ವಿದ್ಯೆಯನ್ನು ಪಡೆದವನು ಗುರುವಿನ ದೋಷಗಳನ್ನೂ ಅರಿತಿರಬೇಕು. ಇಲ್ಲವಾದರೆ ವಿದ್ಯೆಯ ಸಂಗಡ ದೋಷವೂ ಬಳುವಳಿಯಾಗಿ ಬರುವುದು.

ಮೊದಲು ಹೊರಗಿನ ರೂಪವನ್ನು ನೋಡೋಣ. ಆ ದಶಕದ ‘ಟೈಮ್ಸ್’ ಪತ್ರಿಕೆಯನ್ನು ಕೈಗೆತ್ತಿಕೊಂಡವನಿಗೆ ಮೊದಲ ಪುಟದಲ್ಲಿ ಒಂದು ಸುದ್ದಿಯೂ ಕಾಣುತ್ತಿರಲಿಲ್ಲ. ಜನನ, ವಿವಾಹ, ಮರಣಗಳ ಪ್ರಕಟಣೆಗಳು, ಖಾಸಗಿ ತಿಳಿವಳಿಕೆಗಳು, ಚಿಕ್ಕ ಅಕ್ಷರದ ಜಾಹೀರಾತುಗಳು, ಇವೇ ಪುಟದ ತುಂಬ. ಸುದ್ದಿಗೆ ಮೊದಲ ಪುಟ ದೊರೆತದ್ದು 1966 ರ ಮೇ ತಿಂಗಳಲ್ಲಿ. ತನ್ನ ವಾಚಕನು ಅವಸರಪಡುವವನಲ್ಲ, ಬೇಕಾದುದು ಎಲ್ಲಿದೆಯೆಂದು ಬಲ್ಲವನು, ಅವನಿಗೆ ತನ್ನ ವರ್ಗದವರ ಮದುವೆ ಮರಣಗಳು ಲೋಕವಾರ್ತೆಗಿಂತ ಹಿಂದಿನವಲ್ಲ ಎಂಬ ಭರವಸೆಯೇ ಈ ಪದ್ಧತಿಯ ಮೂಲ. ‘ಡೇಲಿ ಎಕ್ಸ್‌ಪ್ರೆಸ್’ ಮಾತ್ರ 1900 ರಿಂದಲೇ ಮುಖಪುಟದಲ್ಲಿ ಸುದ್ದಿಯನ್ನು ಹಾಕುತ್ತಿತ್ತು. ‘ಟೈಮ್ಸ್’ ಪತ್ರಿಕೆಯ ಮಾರಾಟ ದಿನಕ್ಕೆ ಎರಡು ಲಕ್ಷದ ಆಸುಪಾಸು. ಕೂಲಿಕಾರರ ಪಕ್ಷವನ್ನು ಹಿಡಿದ ‘ಡೇಲಿ ಹೆರಾಲ್ಡ್’ ಪತ್ರಿಕೆಯದು 1933 ರಲ್ಲಿ ಇಪ್ಪತ್ತು ಲಕ್ಷವನ್ನು ಮುಟ್ಟಿತು. ಒಂದೇ ದ್ವೀಪದಲ್ಲಿ ಎರಡು ಜನಾಂಗಗಳು ಬೇರೆ ಬೇರೆ ಕಾಗದಗಳನ್ನು ಓದುತ್ತ, ಬೇರೆ ಬೇರೆ ಲೋಕಗಳಲ್ಲಿ ಎಚ್ಚರಗೊಳ್ಳುತ್ತಿದ್ದುವು ಎಂದರೆ ಅತ್ಯುಕ್ತಿಯಾಗದು.

ಈ ಅಂತಸ್ತಿನ ಭೇದವು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಒಂದು ಸಂಗತಿಯನ್ನು ಹೇಳಿದರೆ ಸಾಕು. ಐದನೆಯ ಜಾರ್ಜ್ ದೊರೆಯು 1936 ರ ಜನವರಿ 20 ರ ರಾತ್ರಿ, ಹನ್ನೆರಡಕ್ಕೆ ಐದು ನಿಮಿಷವಿರುವಾಗ, ಮೃತನಾದನು. ಅವನ ವೈದ್ಯರಾಗಿದ್ದ ಲಾರ್ಡ್ ಡಾಸನ್ನರ ಟಿಪ್ಪಣಿಗಳು ಐವತ್ತು ವರ್ಷಗಳ ಮೇಲೆ, 1986 ರಲ್ಲಿ, ಬೆಳಕಿಗೆ ಬಂದುವು. ಮರಣೋನ್ಮುಖನಾಗಿದ್ದ ದೊರೆಗೆ ತಾವೇ ಮಾರ್ಫಿಯಾ ಮತ್ತು ಕೊಕೇನು ಮದ್ದುಗಳನ್ನು ಚುಚ್ಚಿ ಅಂತ್ಯವನ್ನು ತ್ವರೆಗೊಳಿಸಿದುದಾಗಿ ಅವರು ಬರೆದಿಟ್ಟಿದ್ದರು. ಮರಣವಾರ್ತೆಯು ಬೆಳಗಿನ ಗೌರವಸ್ಥ ಪತ್ರಿಕೆಗಳಲ್ಲಿ ಮೊದಲು ಬರಬೇಕು, ಸಂಜೆಯ ಅಗ್ಗದ ಪತ್ರಿಕೆಗಳಲ್ಲಿ ಬರಕೂಡದು ಎಂಬುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ‘ಟೈಮ್ಸ್’ ಪತ್ರಿಕೆಯವರು ಅಚ್ಚನ್ನು ತಡೆದಿರಲಿ ಎಂದು ಲಂಡನ್ನಿನಲ್ಲಿದ್ದ ತಮ್ಮ ಪತ್ನಿಯ ಮೂಲಕ ಮುಂಚೆಯೇ ಹೇಳಿಸಿದ್ದರು. ದೊರೆಯ ಪ್ರಾಣವೂ ಪತ್ರಿಕೆಯ ಗಡಿಯಾರಕ್ಕೆ ಹೊಂದಿಕೊಂಡು ಹೋಗಬೇಕಾದ ಸಮಾಜ ಅದು.

ಇನ್ನು ಸಾಮಾನ್ಯರ ಪತ್ರಿಕೆಗಳ ಕಡೆಗೆ ತಿರುಗೋಣ. ಅಲ್ಲಿ ನಡೆಯುತ್ತಿದ್ದುದು ಅಂತಸ್ತಿನ ಆಟವಲ್ಲ, ಸಂಖ್ಯೆಯ ಯುದ್ಧ. ಜಾಹೀರಾತುದಾರನು ಹಣ ಕೊಡುವುದು ಮಾರಾಟದ ಸಂಖ್ಯೆಯನ್ನು ನೋಡಿ. ಆದಕಾರಣ ಸಂಖ್ಯೆಯನ್ನು ಹೇಗಾದರೂ ಏರಿಸಬೇಕು. ಮನೆಯಿಂದ ಮನೆಗೆ ಪ್ರಚಾರಕರನ್ನು ಅಟ್ಟಿದರು. ಚಂದಾದಾರನಾದವನಿಗೆ ಅಪಘಾತದ ವಿಮೆ, ಲೇಖನಿ, ಹೆಂಗಸರಿಗೆ ರೇಷ್ಮೆಯ ಕಾಲುಚೀಲ, ಹೀಗೆ ಸುದ್ದಿಯ ಸಂಗಡ ಸಂತೆಯೇ ಮನೆಯ ಬಾಗಿಲಿಗೆ ಬಂದಿತು. 1933 ರಲ್ಲಿ ಈ ಪೈಪೋಟಿಯು ಶಿಖರಕ್ಕೇರಿ, ದೊಡ್ಡ ಪತ್ರಿಕೆಗಳು ಕಾದಂಬರಿಕಾರ ಡಿಕನ್ಸನ ಸಮಗ್ರ ಗ್ರಂಥಗಳನ್ನು ಅಲ್ಪ ಬೆಲೆಗೆ ಕೊಡಲು ಒಂದರ ಮೇಲೊಂದು ಮುನ್ನುಗ್ಗಿದುವು. ಬಡವರ ಪಾಡನ್ನು ಬರೆದು ಹೆಸರಾದ ಗ್ರಂಥಕರ್ತನು ಬಡವರ ಮನೆಗೆ ಗಾಳದ ಹುಳುವಾಗಿ ಹೋದುದು ವಿಧಿಯ ವಿನೋದವೇ ಸರಿ. ಆದರೂ ಎಷ್ಟೋ ಕೂಲಿಕಾರರ ಮನೆಗಳಲ್ಲಿ ಪುಸ್ತಕದ ಹಲಗೆಯೊಂದು ಮೊದಲು ಕಾಣಿಸಿಕೊಂಡದ್ದು ಈ ವ್ಯಾಪಾರದಿಂದಲೇ ಎಂಬುದನ್ನು ನಾವು ಮರೆಯಕೂಡದು.

ಸಂಖ್ಯೆಯು ಬೆಳೆದಂತೆ ಒಡೆಯರ ಅಹಂಕಾರವೂ ಬೆಳೆಯಿತು. ‘ಡೇಲಿ ಮೇಲ್’ ಪತ್ರಿಕೆಯ ಲಾರ್ಡ್ ರಾದರ್‌ಮಿಯರ್, ‘ಎಕ್ಸ್‌ಪ್ರೆಸ್’ ಪತ್ರಿಕೆಯ ಲಾರ್ಡ್ ಬೀವರ್‌ಬ್ರೂಕ್, ಇವರಿಬ್ಬರೂ ಮಂತ್ರಿಮಂಡಲಗಳನ್ನು ಕಟ್ಟಿ ಕೆಡವಬಲ್ಲೆವೆಂದು ಬಗೆದರು. 1931 ರ ಮಾರ್ಚ್ 17 ರಂದು ಕನ್ಸರ್ವೆಟಿವ್ ಪಕ್ಷದ ನಾಯಕರಾಗಿದ್ದ ಸ್ಟ್ಯಾನ್ಲಿ ಬಾಲ್ಡ್ವಿನ್ ಮಹಾಶಯರು ಲಂಡನ್ನಿನ ಸಭೆಯೊಂದರಲ್ಲಿ ಇವರ ಮೇಲೆ ಹರಿಹಾಯ್ದರು. ಇವು ಪತ್ರಿಕೆಗಳಲ್ಲ, ಇಬ್ಬರು ವ್ಯಕ್ತಿಗಳ ಇಷ್ಟಾನಿಷ್ಟಗಳನ್ನು ಸಾರುವ ಯಂತ್ರಗಳು. ಇವರಿಗೆ ಬೇಕಾದುದು ಹೊಣೆಯಿಲ್ಲದ ಅಧಿಕಾರ. ಅಂತಹ ಅಧಿಕಾರವು ಯುಗಯುಗಗಳಿಂದ ವೇಶ್ಯೆಯ ಸ್ವತ್ತು, ಎಂಬುದು ಅವರ ಮಾತಿನ ಸಾರ. ಈ ಕಟುವಾಕ್ಯವನ್ನು ಒದಗಿಸಿದವನು ಅವರ ಬಂಧುವಾದ ಕಿಪ್ಲಿಂಗ್ ಕವಿ. ಎರಡು ದಿನಗಳ ಮೇಲೆ ನಡೆದ ಉಪಚುನಾವಣೆಯಲ್ಲಿ ಪತ್ರಿಕೆಯ ಪ್ರಭುಗಳು ನಿಲ್ಲಿಸಿದ ಅಭ್ಯರ್ಥಿಯು ಸೋತನು. ದೊಡ್ಡ ಮಾರಾಟವಿದ್ದ ಮಾತ್ರದಿಂದ ವಾಚಕರ ಮತಗಳು ಕಿಸೆಯಲ್ಲಿ ಬಿದ್ದಂತಲ್ಲವೆಂದು ಅಂದು ತಿಳಿಯಿತು. ಪತ್ರಿಕೆಯನ್ನು ಜನರು ಕೊಳ್ಳುತ್ತಾರೆ. ಪತ್ರಿಕೆಯು ಜನರನ್ನು ಕೊಂಡುಕೊಳ್ಳುವುದು ಅಷ್ಟು ಸುಲಭವಲ್ಲ.

ಇಷ್ಟು ಪೀಠಿಕೆಯಾಯಿತು. ಈ ಪತ್ರಿಕೆಗಳು ಬಡವನನ್ನು ಹೇಗೆ ಕಂಡುವು? 1932 ರ ಕೊನೆ, 1933 ರ ಆರಂಭದ ಚಳಿಗಾಲದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಸುಮಾರು ಮೂವತ್ತು ಲಕ್ಷ. ವಿಮೆಗೆ ಒಳಪಟ್ಟ ಕೂಲಿಕಾರರಲ್ಲಿ ಐವರಿಗೊಬ್ಬನಿಗಿಂತ ಹೆಚ್ಚು. 1931 ರಿಂದ ಜಾರಿಗೆ ಬಂದ ಸ್ಥಿತಿಗತಿ ತಪಾಸಣೆಯ ನಿಯಮದಂತೆ ಅಧಿಕಾರಿಯು ಮನೆಯೊಳಗೆ ಬಂದು, ಮಗನ ಸಂಪಾದನೆಯೆಷ್ಟು, ಮಗಳ ಸಂಪಾದನೆಯೆಷ್ಟು, ಕೂಡಿಟ್ಟ ಹಣವೇನಾದರೂ ಉಂಟೋ ಎಂದು ವಿಚಾರಿಸಿ, ತಂದೆಯ ಭತ್ಯವನ್ನು ಅದಕ್ಕೆ ತಕ್ಕಂತೆ ಇಳಿಸುತ್ತಿದ್ದನು. ಮಗಳ ಕೂಲಿಯಿಂದ ತಂದೆ ಉಣ್ಣಬೇಕಾದ ಅವಮಾನವನ್ನು ಮಾನವಂತರು ಊಹಿಸಿಕೊಳ್ಳಬಲ್ಲರು. ಇದನ್ನು ಪ್ರತಿಭಟಿಸಿ 1932 ರ ಅಕ್ಟೋಬರಿನಲ್ಲಿ ನಾನಾ ಪ್ರಾಂತಗಳಿಂದ ಹಸಿವಿನ ದಂಡಯಾತ್ರೆಯವರು ಲಂಡನ್ನಿಗೆ ಬಂದರು. ಹೈಡ್ ಪಾರ್ಕಿನಲ್ಲಿ ಪೋಲೀಸರಿಗೂ ಅವರಿಗೂ ಘರ್ಷಣೆಯಾಯಿತು. ಹತ್ತು ಲಕ್ಷ ರುಜುಗಳಿದ್ದುವೆಂದು ಹೇಳಲಾದ ಅವರ ಅರ್ಜಿಯು ಪಾರ್ಲಿಮೆಂಟನ್ನು ಮುಟ್ಟುವ ಮೊದಲೇ ಪೋಲೀಸರ ವಶವಾಯಿತು. ಆ ಯಾತ್ರೆಯ ಮುಂದಾಳುಗಳು ಕಮ್ಯೂನಿಸ್ಟರಾಗಿದ್ದುದರಿಂದ ಬಹುಸಂಖ್ಯೆಯ ಪತ್ರಿಕೆಗಳಿಗೆ ಕಂಡದ್ದು ಹಸಿದ ಹೊಟ್ಟೆಯಲ್ಲ, ಮಾಸ್ಕೋ ನಗರದ ಕೈವಾಡ.

ನಾಲ್ಕು ವರ್ಷಗಳ ಮೇಲೆ, 1936 ರ ಅಕ್ಟೋಬರ್ 5 ರಂದು, ಟೈನ್ ನದಿಯ ದಡದ ಜಾರೋ ಎಂಬ ಊರಿನಿಂದ ಇನ್ನೂರು ಮಂದಿ ಹೊರಟರು. ಅಲ್ಲಿಯ ಹಡಗುಕಟ್ಟೆಯನ್ನು ಮುಚ್ಚಿದ್ದರಿಂದ ಊರಿಗೆ ಊರೇ ಕೆಲಸವಿಲ್ಲದೆ ಕುಳಿತಿತ್ತು. ಈ ಸಲ ಯಾತ್ರೆಯನ್ನು ಏರ್ಪಡಿಸಿದ್ದು ಪುರಸಭೆ, ಎಲ್ಲ ಪಕ್ಷದವರೂ ಕೂಡಿದ್ದರು, ಬಾಯಿವಾದ್ಯದ ಮೇಳವೊಂದಿತ್ತು, ಒಂದು ನಾಯಿಯೂ ಹಿಂಬಾಲಿಸಿತು. ಪಾರ್ಲಿಮೆಂಟಿನ ಸದಸ್ಯೆ ಎಲೆನ್ ವಿಲ್ಕಿನ್ಸನ್ ಬಾಯಿಯವರು ದಾರಿಯಲ್ಲಿ ಅವರೊಡನೆ ನಡೆದರು. ಪತ್ರಿಕೆಗಳ ಮನಸ್ಸು ಕರಗಿತು. ಶಾಂತರು, ಶಿಸ್ತಿನವರು, ರಾಜಕಾರಣಕ್ಕೆ ಸೇರದವರು ಎಂದು ಇವರನ್ನು ಹೊಗಳಿದುದಾಯಿತು. ನಾಯಿಯ ಚಿತ್ರವೂ ಅಚ್ಚಾಯಿತು. ಅಕ್ಟೋಬರ್ 31 ರಂದು ಅವರು ಲಂಡನ್ನನ್ನು ಸೇರಿದರು. ಆಗ ಮುಖ್ಯ ಪ್ರಧಾನರಾಗಿದ್ದ ಬಾಲ್ಡ್ವಿನ್ನರು ಅವರನ್ನು ಕಾಣಲೊಪ್ಪಲಿಲ್ಲ. ಹನ್ನೊಂದು ಸಾವಿರಕ್ಕೂ ಹೆಚ್ಚು ರುಜುಗಳಿದ್ದ ಅರ್ಜಿಯನ್ನು ಪಾರ್ಲಿಮೆಂಟು ಚರ್ಚೆಯಿಲ್ಲದೆ ಸ್ವೀಕರಿಸಿತು. ಊರಿಗೆ ಮರಳಿದವರಿಗೆ ಕಾದಿದ್ದ ಬಹುಮಾನವೇನೆಂದರೆ, ನಡೆದ ದಿನಗಳಲ್ಲಿ ಅವರು ಕೆಲಸಕ್ಕೆ ಸಿದ್ಧರಾಗಿರಲಿಲ್ಲವೆಂಬ ಕಾರಣದಿಂದ ಭತ್ಯದ ಕಡಿತ.

ಎರಡು ಯಾತ್ರೆಗಳವರ ಹಸಿವು ಒಂದೇ. ಒಂದಕ್ಕೆ ಬೈಗುಳ, ಒಂದಕ್ಕೆ ಕಣ್ಣೀರು. ಸದ್ದಿಲ್ಲದೆ, ಟೋಪಿಯನ್ನು ಕೈಯಲ್ಲಿ ಹಿಡಿದು ಬೇಡುವ ಬಡವನನ್ನು ಆ ಸಮಾಜವು ಕನಿಕರಿಸಬಲ್ಲದಾಗಿತ್ತು. ಹಕ್ಕೆಂದು ಕೇಳುವವನನ್ನು ಸಹಿಸದಾಗಿತ್ತು. ಹಸಿವಿಗೆ ಕಾರಣವೇನೆಂಬ ಪ್ರಶ್ನೆಯಾದರೋ ಎರಡು ಸಲವೂ ಬಹುಪಾಲು ಅಚ್ಚಾಗದೆಯೇ ಉಳಿಯಿತು.

ಹೆಂಗಸರ ವಿಷಯದಲ್ಲಿಯೂ ಇದೇ ದ್ವಂದ್ವ. ಇಪ್ಪತ್ತೊಂದು ವಯಸ್ಸಿನ ಸ್ತ್ರೀಯರಿಗೆ ಮತಾಧಿಕಾರ ಕೊಡುವುದನ್ನು ‘ಡೇಲಿ ಮೇಲ್’ ಬಹಳವಾಗಿ ವಿರೋಧಿಸಿತ್ತು. ಆದರೂ 1928 ರಲ್ಲಿ ಆ ಕಾನೂನು ಆಯಿತು. ಎರಡು ವರ್ಷಗಳೊಳಗೆ, 1930 ರ ಮೇ ತಿಂಗಳಲ್ಲಿ, ಏಮಿ ಜಾನ್ಸನ್ ಎಂಬ ಇಪ್ಪತ್ತಾರು ವರ್ಷದ ತರುಣಿಯು ಹಳೆಯ ವಿಮಾನವೊಂದರಲ್ಲಿ ಒಬ್ಬಳೇ ಕುಳಿತು, ನಮ್ಮ ಕರಾಚಿ, ಝಾನ್ಸಿ, ಕಲಕತ್ತೆಗಳಲ್ಲಿ ಇಳಿಯುತ್ತ, ಆಸ್ಟ್ರೇಲಿಯಾವನ್ನು ಮುಟ್ಟಿದಳು. ಅದೇ ‘ಡೇಲಿ ಮೇಲ್’ ಅವಳಿಗೆ ಹತ್ತು ಸಾವಿರ ಪೌಂಡುಗಳನ್ನು ಕೊಟ್ಟು ತನ್ನ ಜಂಬಕ್ಕೆ ಬಳಸಿಕೊಂಡಿತು. ಅವಳು ವಿಶ್ವವಿದ್ಯಾಲಯದ ಪದವೀಧರೆ. ವಿಮಾನಯಂತ್ರದ ದುರಸ್ತಿಯಲ್ಲಿ ಸರಕಾರದ ಪರವಾನಗಿಯನ್ನು ಪಡೆದವಳು. ಆದರೂ ಪತ್ರಿಕೆಗಳಿಗೆ ರುಚಿಸಿದ್ದು ಟೈಪು ಮಾಡುತ್ತಿದ್ದ ಹುಡುಗಿಯ ಸಾಹಸವೆಂಬ ಚಿತ್ರ. ಇಲ್ಲಿ ಇನ್ನೊಂದು ಮಾತನ್ನು ಕೂಡಿಸಬೇಕು. ಅದೇ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ಸರಕಾರಿ ಕಚೇರಿಯ ಕೆಲಸವನ್ನು ಬಿಡಬೇಕಾಗಿತ್ತು. ಲಂಡನ್ನಿನ ಶಾಲೆಗಳ ಉಪಾಧ್ಯಾಯಿನಿಯರಿಗೆ 1935 ರಲ್ಲಿ, ಸರಕಾರಿ ನೌಕರಿಯವರಿಗೆ 1946 ರಲ್ಲಿ ಈ ನಿರ್ಬಂಧವು ತಪ್ಪಿತು. ಆಕಾಶದಲ್ಲಿ ಹಾರಿದ ಒಬ್ಬಳಿಗೆ ಮುಖಪುಟ. ನೆಲದ ಮೇಲೆ ಕೆಲಸ ಕಳೆದುಕೊಂಡ ಸಾವಿರಾರು ಮಂದಿಗೆ ಒಳಪುಟದಲ್ಲಿ ಅಡಿಗೆ ಹೊಲಿಗೆಗಳ ಉಪದೇಶ ಮತ್ತು ಸಾಬೂನಿನ ಜಾಹೀರಾತು.

ಈಗ ನಮ್ಮ ದೇಶಕ್ಕೆ ಸಂಬಂಧಿಸಿದ ಸಂಗತಿ. 1930 ರ ಮೇ 5 ರಂದು ಗಾಂಧೀಜಿಯವರನ್ನು 1827 ರ ಹಳೆಯ ನಿಬಂಧನೆಯೊಂದರ ಆಧಾರದ ಮೇಲೆ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಹೀಗೆ ಮಾಡಿದವರು ಕೂಲಿಕಾರ ಪಕ್ಷದ ಮಂತ್ರಿಮಂಡಲದವರು. ಅದೇ ಪಕ್ಷದ ‘ಡೇಲಿ ಹೆರಾಲ್ಡ್’ ಪತ್ರಿಕೆಯ ಬಾತ್ಮೀದಾರ ಜಾರ್ಜ್ ಸ್ಲೋಕೂಂಬ್ ಅದೇ ತಿಂಗಳಲ್ಲಿ ಯೆರವಡೆಯ ಸೆರೆಮನೆಯಲ್ಲಿ ಗಾಂಧೀಜಿಯವರನ್ನು ಕಂಡು, ಸಂಧಾನಕ್ಕೆ ಅವರ ಷರತ್ತುಗಳೇನೆಂಬುದನ್ನು ಲೋಕಕ್ಕೆ ತಿಳಿಸಿದನು. ಪತ್ರಿಕಾಧರ್ಮವೆಂದರೆ ಇದು: ತನ್ನ ಪಕ್ಷದವರು ಬಾಗಿಲನ್ನು ಮುಚ್ಚಿದ್ದರೂ ಒಳಗಿರುವವನ ಮಾತನ್ನು ಹೊರಕ್ಕೆ ತರುವುದು. ಇದಕ್ಕೆ ಪ್ರತಿಯಾಗಿ ರಾದರ್‌ಮಿಯರ್ ಪ್ರಭುವಿನ ಪತ್ರಿಕೆಯು, ಭಾರತವನ್ನು ಕೈಬಿಟ್ಟರೆ ಬ್ರಿಟನ್ನಿನ ಅನ್ನವೇ ಹೋದೀತೆಂದು ಹುಯ್ಯಲಿಡುತ್ತಿತ್ತು. 1931 ರ ಫೆಬ್ರವರಿಯಲ್ಲಿ ಚರ್ಚಿಲ್ಲರು ಗಾಂಧೀಜಿಯವರನ್ನು ಅರೆಬತ್ತಲೆಯ ಫಕೀರನೆಂದು ಜರೆದುದು ವಾಚಕರಿಗೆ ತಿಳಿದೇ ಇದೆ.

ಅದೇ ವರ್ಷ ಸಪ್ಟಂಬರಿನಲ್ಲಿ ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋದಾಗ ಪತ್ರಿಕೆಗಳ ಕಣ್ಣು ಅವರ ಪಂಚೆಯ ಮೇಲೆಯೂ ಆಡಿನ ಹಾಲಿನ ಮೇಲೆಯೂ ನಟ್ಟಿತು. ಆದರೆ ತಿಂಗಳ ಕೊನೆಯಲ್ಲಿ ಅವರು ಲ್ಯಾಂಕಾಶೈರಿಗೆ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಪೆಟ್ಟು ತಿಂದು ಅಲ್ಲಿಯ ಗಿರಣಿಗಳು ನಿಂತಿದ್ದುವು. ಜನರು ಕಲ್ಲು ತೂರಿದ್ದರೂ ಆಶ್ಚರ್ಯವಿರಲಿಲ್ಲ. ಡಾರ್ವೆನ್ ಊರಿನ ಬಳಿ ಗಿರಣಿಯ ಹೆಂಗಸರು ಅವರನ್ನು ಸುತ್ತುಗಟ್ಟಿ ಕೈಯೆತ್ತಿ ಜಯಕಾರ ಮಾಡಿದರು. ಪತ್ರಿಕೆಯವರು ತೆಗೆದ ಆ ಚಿತ್ರವು ಇಂದಿಗೂ ಉಳಿದಿದೆ. ನೂರು ಸಂಪಾದಕೀಯಗಳು ಹೇಳಿದುದನ್ನು ಆ ಒಂದು ಚಿತ್ರ ಅಲ್ಲಗಳೆಯುತ್ತದೆ. ಪತ್ರಿಕೆಗಳು ಇಂಗ್ಲೆಂಡಿನ ಮನಸ್ಸು ಎಂದು ಹೇಳುತ್ತಿದ್ದುದು ಇಂಗ್ಲೆಂಡಿನ ಒಂದು ವರ್ಗದ ಮನಸ್ಸು ಮಾತ್ರವೆಂದು ಸಾರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ವರ್ಷಗಳಲ್ಲಿ ನಮ್ಮ ಪತ್ರಿಕೆಗಳ ಪಾಡು ಏನಾಗಿತ್ತು? 1930 ರ ಏಪ್ರಿಲಿನಲ್ಲಿ ಪತ್ರಿಕಾ ಆರ್ಡಿನೆನ್ಸು, 1931 ರಲ್ಲಿ ಪತ್ರಿಕಾ ಕಾನೂನು ಬಂದುವು. ಮುದ್ರಕರಿಂದಲೂ ಪ್ರಕಾಶಕರಿಂದಲೂ ಜಾಮೀನು ಹಣವನ್ನು ಕೇಳುವ, ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಸರಕಾರಕ್ಕೆ ದೊರೆಯಿತು. ಧಾರವಾಡ ಬೆಳಗಾವಿಗಳ ಕನ್ನಡ ಮುದ್ರಣಾಲಯಗಳೂ ಈ ಕತ್ತಿಯ ಕೆಳಗೇ ಮೊಳೆ ಜೋಡಿಸುತ್ತಿದ್ದುವು. ಭಾರತದ ಸಂಪಾದಕನು ಸುಮ್ಮನಿದ್ದರೆ ಅವನ ಬಾಯನ್ನು ಕಾನೂನು ಕಟ್ಟಿತ್ತು. ಲಂಡನ್ನಿನ ಸಂಪಾದಕನ ಬಾಯನ್ನು ಯಾರೂ ಕಟ್ಟಿರಲಿಲ್ಲ. ಅವನು ತಾನಾಗಿಯೇ ಸುಮ್ಮನಿದ್ದ ಎರಡು ಪ್ರಸಂಗಗಳನ್ನು ಈಗ ಹೇಳಬೇಕಾಗಿದೆ.

ಮೊದಲನೆಯದು ದೊರೆಯ ಪ್ರಸಂಗ. ಎಂಟನೆಯ ಎಡ್ವರ್ಡನು ಸಿಂಪ್ಸನ್ ಎಂಬಾಕೆಯನ್ನು ಮದುವೆಯಾಗಲೆಳಸಿದುದು 1936 ರಲ್ಲಿ ಅಮೆರಿಕೆಯ ಪತ್ರಿಕೆಗಳಿಗೆಲ್ಲ ತಿಳಿದಿತ್ತು. ಬ್ರಿಟನ್ನಿಗೆ ಬರುತ್ತಿದ್ದ ಅಮೆರಿಕೆಯ ವಾರಪತ್ರಿಕೆಗಳ ಪುಟಗಳನ್ನು ಮಾರಾಟಗಾರರೇ ಕತ್ತರಿಸಿ ತೆಗೆಯುತ್ತಿದ್ದರು. ಆಕೆಯ ವಿವಾಹವಿಚ್ಛೇದನದ ಮೊಕದ್ದಮೆಯು ಅಕ್ಟೋಬರ್ 27 ರಂದು ಇಪ್ಸ್‌ವಿಚ್ ಊರಿನಲ್ಲಿ ತೀರ್ಮಾನವಾಯಿತು. ಅದಕ್ಕೆ ಮೊದಲೇ ದೊರೆಯ ಕೋರಿಕೆಯಂತೆ ಬೀವರ್‌ಬ್ರೂಕ್ ಪ್ರಭುವೂ ರಾದರ್‌ಮಿಯರನ ಮಗನೂ ಪತ್ರಿಕೆಗಳನ್ನು ಒಡಂಬಡಿಸಿದ್ದರು. ಎಲ್ಲೆಲ್ಲಿಯೂ ಎರಡು ಸಾಲಿನ ವರದಿ. ದಿನನಿತ್ಯ ಒಬ್ಬರ ಗಂಟಲನ್ನೊಬ್ಬರು ಹಿಡಿಯುತ್ತಿದ್ದ ಒಡೆಯರೆಲ್ಲ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಾದರು. ಡಿಸೆಂಬರ್ 1 ರಂದು ಬ್ರ್ಯಾಡ್‌ಫರ್ಡಿನ ಬಿಷಪ್ಪರು ದೊರೆಗೆ ದೇವರ ಅನುಗ್ರಹದ ಅರಿವು ಹೆಚ್ಚಾಗಿ ಬೇಕೆಂದು ಹೇಳಿದರು. ದೊರೆಯು ದೇವಾಲಯಕ್ಕೆ ಬಾರದಿರುವುದನ್ನು ಕುರಿತು ಅವರು ಆಡಿದ ಮಾತು ಅದು. ಅದನ್ನೇ ಆಧಾರ ಮಾಡಿಕೊಂಡು ಮರುದಿನ ‘ಯಾರ್ಕ್‌ಷೈರ್ ಪೋಸ್ಟ್’ ಮೊದಲಾದ ಪ್ರಾಂತೀಯ ಪತ್ರಿಕೆಗಳೂ, 3 ನೆಯ ತಾರೀಖು ಲಂಡನ್ನಿನ ಪತ್ರಿಕೆಗಳೂ ಮೌನವನ್ನು ಮುರಿದುವು. ಡಿಸೆಂಬರ್ 10 ರಂದು ದೊರೆಯು ಪಟ್ಟತ್ಯಾಗದ ಪತ್ರಕ್ಕೆ ರುಜು ಹಾಕಿದನು. ತಮ್ಮ ದೊರೆಯ ವಿಷಯವನ್ನು ತಿಳಿದು ಅಭಿಪ್ರಾಯ ಕಟ್ಟುವುದಕ್ಕೆ ಪ್ರಜೆಗಳಿಗೆ ದೊರೆತದ್ದು ಒಂದೇ ವಾರ.

ಈ ಮೌನವನ್ನು ಸಭ್ಯತೆಯೆಂದು ಹಲವರು ಕೊಂಡಾಡಿದ್ದಾರೆ. ಒಬ್ಬನ ಖಾಸಗಿ ದುಃಖವನ್ನು ಬೀದಿಗೆಳೆಯಬಾರದೆಂಬ ಭಾವನೆಯು ಗೌರವಾರ್ಹವೇ. ಆದರೆ ಬಡ ಹೆಂಗಸರ, ಸಣ್ಣ ವ್ಯಾಪಾರಿಗಳ ವಿಚ್ಛೇದನದ ಮೊಕದ್ದಮೆಗಳಿಂದ ಹಣ ಮಾಡಿಕೊಂಡ ಪತ್ರಿಕೆಗಳು ಅಲ್ಲಿ ಕಡಮೆಯಿರಲಿಲ್ಲ. ಅವುಗಳ ವಿವರಗಳನ್ನು ಅಚ್ಚುಮಾಡಕೂಡದೆಂದು 1926 ರಲ್ಲಿ ಕಾನೂನನ್ನೇ ತರಬೇಕಾಯಿತು. ಪ್ರಜೆಯ ಮಾನಕ್ಕೆ ಕಾನೂನು ಬೇಕಾಯಿತು. ಪ್ರಭುವಿನ ಮಾನಕ್ಕೆ ಕಣ್ಸನ್ನೆ ಸಾಕಾಯಿತು. ಇದು ಸಭ್ಯತೆಯಲ್ಲ, ಅಂತಸ್ತು.

ದೊರೆಯ ವಿಷಯದ ಮೌನದಿಂದ ಲೋಕಕ್ಕೇನೂ ಕೇಡಾಗಲಿಲ್ಲ. ಎರಡನೆಯ ಮೌನವು ಹಾಗಲ್ಲ. ಜರ್ಮನಿಯಲ್ಲಿ 1933 ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. 1934 ರ ಜನವರಿಯಲ್ಲಿ ‘ಡೇಲಿ ಮೇಲ್’ ಪತ್ರಿಕೆಯಲ್ಲಿ ರಾದರ್‌ಮಿಯರ್ ಪ್ರಭುವು ಬ್ರಿಟನ್ನಿನ ಕರಿಯಂಗಿಯ ಫ್ಯಾಸಿಸ್ಟರಿಗೆ ತನ್ನ ಹೆಸರಿನಲ್ಲಿಯೇ ಜಯಕಾರ ಹಾಕಿದನು. ಜೂನ್ 7 ರಂದು ಒಲಿಂಪಿಯಾ ಸಭಾಂಗಣದಲ್ಲಿ ಅವರು ಪ್ರಶ್ನೆ ಕೇಳಿದವರನ್ನು ಬಡಿದುದು ಬಹಿರಂಗವಾದ ಮೇಲೆ, ಜುಲೈ ತಿಂಗಳಲ್ಲಿ, ಆ ಬೆಂಬಲ ನಿಂತಿತು. 1938 ರ ಆಗಸ್ಟಿನಲ್ಲಿ, ಪ್ರಾಣಭಯದಿಂದ ಓಡಿಬಂದ ಜರ್ಮನ್ ಯಹೂದ್ಯರು ದೇಶದೊಳಗೆ ನುಗ್ಗುತ್ತಿದ್ದಾರೆಂದು ಅದೇ ಪತ್ರಿಕೆಯು ತಲೆಬರಹ ಕೊಟ್ಟಿತು.

ಇವು ಕೂಗುಗಳು, ಕೂಗನ್ನು ಗುರುತಿಸುವುದು ಸುಲಭ. ‘ಟೈಮ್ಸ್’ ಪತ್ರಿಕೆಯ ದೋಷವು ಮೆಲುದನಿಯದು. ಅದರ ಬರ್ಲಿನ್ ಬಾತ್ಮೀದಾರನಾಗಿದ್ದ ನಾರ್ಮನ್ ಎಬ್ಬಟ್ ಕಂಡುದನ್ನು ಕಂಡಂತೆ ಬರೆಯುತ್ತಿದ್ದನು. 1937 ರ ಆಗಸ್ಟಿನಲ್ಲಿ ಜರ್ಮನ್ ಸರಕಾರವು ಅವನನ್ನು ಹೊರಕ್ಕೆ ಹಾಕಿತು. ಅವನ ಬರೆಹಗಳು ಲಂಡನ್ನಿನಲ್ಲಿ ಮೊಟಕಾಗುತ್ತಿದ್ದುವು. ಜರ್ಮನರ ಮನಸ್ಸನ್ನು ನೋಯಿಸಬಹುದಾದುದೇನೂ ಪತ್ರಿಕೆಯಲ್ಲಿ ಬಾರದಂತೆ ತಾವು ರಾತ್ರಿ ರಾತ್ರಿಯೂ ಶ್ರಮಿಸುತ್ತಿರುವುದಾಗಿ ಸಂಪಾದಕ ಜೆಫ್ರಿ ಡಾಸನ್ನರು 1937 ರ ಮೇ ತಿಂಗಳ ಕಾಗದವೊಂದರಲ್ಲಿ ಬರೆದುದು ಉಳಿದುಬಂದಿದೆ. 1938 ರ ಸಪ್ಟಂಬರ್ 7 ರಂದು, ಚೆಕೋಸ್ಲೊವಾಕಿಯವು ಜರ್ಮನರು ವಾಸಿಸುವ ತನ್ನ ಅಂಚಿನ ಪ್ರದೇಶವನ್ನು ಬಿಟ್ಟುಕೊಡುವ ವಿಚಾರ ಮಾಡಬಹುದೆಂದು ಅವರ ಅಗ್ರಲೇಖನವು ಸೂಚಿಸಿತು. ಮೂರು ವಾರಗಳಲ್ಲಿ ಮ್ಯೂನಿಕ್ ಒಪ್ಪಂದದಿಂದ ಅದೇ ನಡೆಯಿತು. ಯುದ್ಧವು ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲವೆಂದು ‘ಎಕ್ಸ್‌ಪ್ರೆಸ್’ ತನ್ನ ಲಕ್ಷಗಟ್ಟಲೆ ವಾಚಕರಿಗೆ ಮತ್ತೆ ಮತ್ತೆ ಭರವಸೆ ಕೊಟ್ಟಿತು. 1939 ರ ಸಪ್ಟಂಬರ್ 3 ರಂದು ಯುದ್ಧವು ಬಂದಿತು.

ಧರ್ಮರಾಯನ ಕಥೆಯನ್ನು ವಾಚಕರು ಬಲ್ಲರು. ಕುರುಕ್ಷೇತ್ರದಲ್ಲಿ ಅವನು ದ್ರೋಣನಿಗೆ ಸುಳ್ಳು ಹೇಳಲಿಲ್ಲ. ಸತ್ಯದ ಒಂದು ಪದವನ್ನು ಮೆಲ್ಲಗೆ ಹೇಳಿದನು, ಅಷ್ಟೆ. ಉಳಿದುದನ್ನು ಶಂಖಧ್ವನಿಯು ಮುಚ್ಚಿತು. ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥವು ಅಂದೇ ಕೆಳಗಿಳಿಯಿತು. ಪತ್ರಿಕೆಗಳ ರಥದ ಗತಿಯೂ ಇದೇ.

ಆದರೆ ಡಾಸನ್ನರನ್ನು ದುಷ್ಟರೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಇದ್ದುವು. ಮತ್ತೊಂದು ಯುದ್ಧ ಬೇಡವೆಂದು ಆ ತಾಯಿತಂದೆಗಳು ಹಂಬಲಿಸುತ್ತಿದ್ದರು. ಮ್ಯೂನಿಕ್ಕಿನಿಂದ ಮರಳಿದ ಚೇಂಬರ್ಲಿನ್ನರಿಗೆ ಲಂಡನ್ನಿನ ಜನಸಮೂಹವು ಜಯಕಾರ ಹಾಕಿತು. ಪತ್ರಿಕೆಯು ಆ ಹಂಬಲವನ್ನು ಸರಿಯಾಗಿಯೇ ಪ್ರತಿಬಿಂಬಿಸಿತು. ಅಪಾಯವಿರುವುದೂ ಇಲ್ಲಿಯೇ. ಸಮಾಜದ ಮುಖ ಹೇಗಿದೆಯೋ ಹಾಗೆ ತೋರಿಸದೆ, ಹೇಗಿರಬೇಕೆಂದು ಸಮಾಜವು ಆಶಿಸುತ್ತದೆಯೋ ಹಾಗೆ ತೋರಿಸುವ ಕನ್ನಡಿಯನ್ನು ಜನರು ಬಹಳವಾಗಿ ಮೆಚ್ಚುತ್ತಾರೆ. ಮುಖಕ್ಕೆ ಹುಣ್ಣಾದುದನ್ನು ಮಾತ್ರ ತಡವಾಗಿ ತಿಳಿಯುತ್ತಾರೆ.

ಬೇರೆ ದಾರಿಯೇ ಇರಲಿಲ್ಲವೆಂಬ ಸಮಾಧಾನಕ್ಕೂ ಅವಕಾಶವಿಲ್ಲ. ಜರ್ಮನಿಯ ಅತ್ಯಾಚಾರಗಳನ್ನು ಆರಂಭದಿಂದಲೇ ಬರೆದ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯನ್ನು 1933 ರಲ್ಲಿಯೇ ಆ ದೇಶದಲ್ಲಿ ನಿಷೇಧಿಸಿದರು. ‘ಯಾರ್ಕ್‌ಷೈರ್ ಪೋಸ್ಟ್’ ಪತ್ರಿಕೆಯ ಸಂಪಾದಕ ಆರ್ಥರ್ ಮ್ಯಾನ್ ತನ್ನ ಒಡೆಯರು ಕನ್ಸರ್ವೆಟಿವ್ ಪಕ್ಷದವರಾಗಿದ್ದರೂ, ಅದೇ ಪಕ್ಷದ ಪ್ರಧಾನಿಯ ನೀತಿಯನ್ನು ಖಂಡಿಸಿದನು. 1938 ರ ಅಕ್ಟೋಬರಿನಲ್ಲಿ ಹೊರಟ ‘ಪಿಕ್ಚರ್ ಪೋಸ್ಟ್’ ಎಂಬ ಚಿತ್ರಪತ್ರಿಕೆಯು ನಿರುದ್ಯೋಗಿಯ ದಿನಚರಿಯನ್ನು ಛಾಯಾಚಿತ್ರಗಳಲ್ಲಿ ತೋರಿಸಿತು. ಬಡತನದ ಚಿತ್ರವನ್ನು ಯಾರೂ ಕೊಳ್ಳುವುದಿಲ್ಲವೆಂಬ ಮಾತು ಸುಳ್ಳಾಗಿ, ಕೆಲವೇ ತಿಂಗಳಲ್ಲಿ ಅದರ ಮಾರಾಟವು ಹತ್ತು ಲಕ್ಷವನ್ನು ಮೀರಿತು. ‘ಗಾರ್ಡಿಯನ್’ ಪತ್ರಿಕೆಯನ್ನು 1872 ರಿಂದ 1929 ರ ವರೆಗೆ ಐವತ್ತೇಳು ವರ್ಷ ನಡೆಸಿದ ಸಿ. ಪಿ. ಸ್ಕಾಟರು 1921 ರಲ್ಲಿಯೇ ಹೇಳಿದ್ದರು: ಅಭಿಪ್ರಾಯಕ್ಕೆ ಸ್ವಾತಂತ್ರ್ಯವುಂಟು, ಸಂಗತಿಗೆ ಪಾವಿತ್ರ್ಯವುಂಟು ಎಂದು. ಪತ್ರಿಕೆಯ ಸಂಪಾದಕತ್ವ, ಒಡೆತನ ಎರಡನ್ನೂ ಹೊತ್ತಿದ್ದ ಅವರ ಮಾತು ನಮ್ಮಂತಹವರಿಗೆ ಹೆಚ್ಚಾಗಿ ತಟ್ಟುತ್ತದೆ.

ತಟ್ಟುವುದಕ್ಕೆ ಕಾರಣವನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಕಾರಖಾನೆಯಲ್ಲಿ ಸುಮಾರು ನಾಲ್ವತ್ತು ಮಂದಿಯನ್ನು ಒಂದೇ ದಿನ ಕೆಲಸದಿಂದ ತೆಗೆದರು. ಅವರಲ್ಲಿ ಇಬ್ಬರು ನಮ್ಮ ಕಚೇರಿಗೆ ಬಂದು, ಕಾಗದದ ಮೇಲೆ ಬರೆದು ತಂದ ತಮ್ಮ ಅಹವಾಲನ್ನು ಮೇಜಿನ ಮೇಲಿಟ್ಟರು. ಕಾರಖಾನೆಯ ಯಜಮಾನರು ನಮ್ಮ ಪತ್ರಿಕೆಗೆ ಜಾಹೀರಾತು ಕೊಡುವವರು. ಊರಿನ ಸತ್ಕಾರ್ಯಗಳಿಗೆಲ್ಲ ಮುಂದಾಗಿ ನಿಲ್ಲುವವರು. ವಿಚಾರಿಸಿ ಹಾಕೋಣವೆಂದು ನಾವು ಹೇಳಿದೆವು. ವಿಚಾರಿಸಲಿಲ್ಲ, ಹಾಕಲಿಲ್ಲ. ಯಾರೂ ನಮ್ಮನ್ನು ಬೆದರಿಸಿರಲಿಲ್ಲ. ಯಾವ ಕಾನೂನೂ ತಡೆದಿರಲಿಲ್ಲ. ಆ ವಾರ ಅಚ್ಚಾದ ನಮ್ಮ ಪತ್ರಿಕೆಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅದು ಸುಳ್ಳು ಪತ್ರಿಕೆಯೇ ಆಗಿತ್ತು. ಡಾಸನ್ನರ ಕಾಗದವನ್ನು ಕುರಿತು ಓದಿದಾಗ ನಮಗೆ ಮೊದಲು ನೆನಪಾದುದು ಬರ್ಲಿನ್ನಲ್ಲ, ನಮ್ಮ ಮೇಜಿನ ಎಳೆಗಂಡಿಯಲ್ಲಿ ಉಳಿದುಹೋದ ಆ ಅಹವಾಲು.

ಸರಕಾರದ ಅಂಕುಶದಿಂದ ಬಿಡುಗಡೆ ಹೊಂದಿದ ಮಾತ್ರಕ್ಕೆ ಪತ್ರಿಕೆಯು ಸ್ವತಂತ್ರವಾಗುವುದಿಲ್ಲವೆಂಬುದೇ ಆ ದಶಕದ ಪಾಠ. ಜಾಹೀರಾತುದಾರನ ದಾಕ್ಷಿಣ್ಯ, ದೊಡ್ಡವರ ಸಹವಾಸ, ವಾಚಕರ ಮನಸ್ಸನ್ನು ನೋಯಿಸಬಾರದೆಂಬ ಅಂಜಿಕೆ, ಇವು ಮೂರೂ ಕಾನೂನಿಲ್ಲದೆ ಬಾಯನ್ನು ಕಟ್ಟಬಲ್ಲವು. ಇವುಗಳಲ್ಲಿ ಮೂರನೆಯದನ್ನು ಬಿಚ್ಚುವ ಶಕ್ತಿಯು ವಾಚಕರ ಕೈಯಲ್ಲಿಯೇ ಇದೆ. ತಮ್ಮ ಪತ್ರಿಕೆಯಲ್ಲಿ ತಮಗೆ ಹಿಡಿಸದ ಸಂಗತಿಯೊಂದು ವಾರವೆಲ್ಲ ಕಾಣದಿದ್ದರೆ ಸಂತೋಷಪಡದೆ ಸಂಶಯಪಡುವ ವಾಚಕನು ಯಾವ ಊರಿನಲ್ಲಿರುವನೋ ಆ ಊರಿನ ಸಂಪಾದಕನು ಎಚ್ಚರವಾಗಿರುವನು. ಅಧಿಕಾರದಲ್ಲಿರುವ ನಮ್ಮ ವಾಚಕರಿಗೂ ಒಂದು ಬಿನ್ನಹ: ತಮ್ಮನ್ನು ಹೊಗಳುವ ಪತ್ರಿಕೆಯಿಂದ ಊರಿನ ಸ್ಥಿತಿಯನ್ನು ತಿಳಿಯಬಹುದೆಂದು ಅವರು ನಂಬದಿರಲಿ. ನಮ್ಮ ಪಾಲಿಗೆ, ಇನ್ನು ಮುಂದೆ ರಾತ್ರಿ ಪುಟಗಳನ್ನು ಕಟ್ಟುವಾಗ ಹಾಕಿದುದನ್ನು ಒಮ್ಮೆ ಓದಿ, ಬಿಟ್ಟುದನ್ನು ಎರಡು ಸಲ ಓದುವೆವು.